ಅಮ್ಮನ ಖಾಲಿ ಹಾಲಿನ ಕ್ಯಾನು

ಅಟ್ಟ ಗುಡಿಸುವಾಗ ಅಮ್ಮನ ಹಾಲಿನ ಕ್ಯಾನು ಸಿಕ್ಕಿತು. ಮುಚ್ಚಳ ತೆಗೆದೆ. ಅದೇ ಹಳೇ ಹುಳಿ ವಾಸನೆ.

ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನಾ ನಡೆಯಲೇಬೇಕು ಎಂದಿದ್ದರು ಡಾಕ್ಟರು. ಆದರೆ ಆಗಿನ ನಮ್ಮ ಸುಂಕದಕಟ್ಟೆಯಲ್ಲಿ ಕೆಲಸವಿಲ್ಲದೆ ಹೆಂಗಸು ರಸ್ತೆಗಿಳಿದರೆ ಪ್ರತಿ ಜಗಲಿಯಿಂದಲೂ ಒಂದೇ ಪ್ರಶ್ನೆ: ‘ಎಲ್ಲಿಗೆ ಹೊರಟೆ?’ ಗಂಡಸರು ಇಡೀ ದಿನ ಸುಮ್ಮನೆ ತಿರುಗಿದರೂ ಕೇಳುವವರಿರಲಿಲ್ಲ ಬಿಡಿ. ಅದಕ್ಕೇ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಣ್ಣನ ಹಳೇ ಕ್ಯಾನ್ವಾಸ್ ಶೂ ಮೆಟ್ಟಿ, ಖಾಲಿ ಕ್ಯಾನು ಹಿಡಿದು ಹೊರಡುತ್ತಿದ್ದಳು. ಹಾಲಿನ ಡೈರಿ ಪಕ್ಕದ ಬೀದಿಯಲ್ಲೇ ಇತ್ತು. ಅವಳು ಮಾತ್ರ ಅದನ್ನು ದಾಟಿ ಮಾಗಡಿ ರಸ್ತೆಯುದ್ದಕ್ಕೂ ಬಿರಬಿರನೆ ನಡೆದು, ಬೆವರಿಳಿದ ಮೇಲೆ ಹಾಲು ತರುತ್ತಿದ್ದಳು.

ಗುಟ್ಟು ದೊಡ್ಡಪ್ಪನಿಗೆ ತಿಳಿಯಿತು. ಒಂದು ಬೆಳಿಗ್ಗೆ ಗೇಟಿಗೆ ಅಡ್ಡ ನಿಂತರು.

‘ನಾಳೆಯಿಂದ ಹಾಲು ಮನೆಗೇ ಬರುತ್ತೆ ಕಣಮ್ಮ. ನೀನು ಹೊರಗೆ ಹೋಗೋದ್ ಬೇಡ.’

ಅಮ್ಮ ಕ್ಯಾನನ್ನು ಅವರ ಕೈಗೇ ಕೊಟ್ಟಳು.

‘ಒಳ್ಳೇದಾಯ್ತು ಭಾವ. ಹಾಲು ನೀವೇ ಇಸ್ಕೊಳ್ಳಿ, ನಾನು ನಡ್ಕೊಂಡ್ ಬರ್ತೀನಿ.’

ಇವತ್ತು ಸಂಜೆ ನಾನು ಸೆರಗು ಸಿಕ್ಕಿಸಿ ಶೂ ಕಟ್ಟುವಾಗ ಎದುರುಮನೆಯವರು ಕೇಳಿದರು, ‘ಏನ್ರೀ, ಎಲ್ಲಿಗೆ ಹೊರಟ್ರಿ?’

‘ಎಲ್ಲಿಗೂ ಇಲ್ಲ’ ಎಂದು ಎರಡೂ ಕೈ ಬೀಸಿಕೊಂಡು ಹೊರಟೆ.