ಹದಿನೈದನೇ ನಿಮಿಷದ ಹಸಿರು

ಬೆಳಿಗ್ಗೆ ಆರು ಗಂಟೆ. ವಾರ್ಡಿನ ಕಿಟಕಿಯಲ್ಲಿ ಬೆಳಕು ಈಗಷ್ಟೇ ಮೂಡುತ್ತಿದೆ. ಖಾಲಿಹೊಟ್ಟೆಯಲ್ಲಿ ಮಲಗಿರುವ ಬಸ್ ಚಾಲಕರ ಎಡಗೈ ರಕ್ತನಾಳಕ್ಕೆ ನರ್ಸ್ ಕಡುಹಸಿರು ಬಣ್ಣದ ಔಷಧಿ ಸೇರಿಸುತ್ತಾರೆ. ಪಕ್ಕದಲ್ಲಿ ನಿಂತ ಲ್ಯಾಬ್ ತಂತ್ರಜ್ಞೆ ಸ್ಟಾಪ್‌ವಾಚ್ ಒತ್ತುತ್ತಾರೆ.

"ಅಕ್ಕಾ, ಒಳಗೆಲ್ಲ ಹಸಿರಾಗಿಬಿಡ್ತೀನಾ?"

"ಸಿಗ್ನಲ್ ಹಸಿರಾದ್ರೆ ನಿಮಗೆ ಖುಷಿನೇ ಅಲ್ವಾ ಅಣ್ಣ? ಬಲಗೈ ಚಾಚಿ."

ಐದು, ಹತ್ತು, ಹದಿನೈದನೇ ನಿಮಿಷಕ್ಕೆ ತಂತ್ರಜ್ಞೆ ಆ ಕೈಯಿಂದ ರಕ್ತ ತೆಗೆಯುತ್ತಾರೆ. ಚಾಲಕರ ಯಕೃತ್ತಿನಲ್ಲಿ ಗಡ್ಡೆಯಿದೆ. ಆರೋಗ್ಯವಂತ ಯಕೃತ್ತು ಈ ಬಣ್ಣವನ್ನು ಬೇಗ ಹೊರಹಾಕುತ್ತದೆ. ಹದಿನೈದನೇ ನಿಮಿಷಕ್ಕೆ ಶೇಕಡಾ ಹತ್ತಕ್ಕಿಂತ ಕಡಿಮೆ ಉಳಿದಿದ್ದರೆ, ಗಡ್ಡೆಯ ಜೊತೆಗೆ ಯಕೃತ್ತಿನ ದೊಡ್ಡ ಭಾಗವನ್ನೇ ಕತ್ತರಿಸಲು ಇಲ್ಲಿನ ಶಸ್ತ್ರವೈದ್ಯರು ಒಪ್ಪುತ್ತಾರೆ. ಉಳಿದ ತುಂಡು ಮೈಯನ್ನು ನಿಭಾಯಿಸಬಲ್ಲದು ಎಂಬ ಭರವಸೆ ಅದು.

ಚಾಲಕರಿಗೆ ಇದು ಎರಡನೇ ಪರೀಕ್ಷೆ. ಎರಡು ದಿನಗಳ ಹಿಂದೆ, ತಂತ್ರಜ್ಞೆ ರಜೆಯಲ್ಲಿದ್ದಾಗ ಬಂದ ಅಂಕಿ ಶೇಕಡಾ ಮೂವತ್ತೊಂದು. ಶಸ್ತ್ರಚಿಕಿತ್ಸೆ ರದ್ದಾಗಿತ್ತು. ಹೆಂಡತಿ ಬಟ್ಟೆಬರೆ ಚೀಲಕ್ಕೆ ತುಂಬಿಯೂ ಆಗಿತ್ತು.

ರಜೆ ಮುಗಿಸಿ ಬಂದ ತಂತ್ರಜ್ಞೆಗೆ ಆ ಅಂಕಿಯನ್ನು ನಂಬಲಾಗಲಿಲ್ಲ. ಯಕೃತ್ತಿನ ಬೇರೆ ಪರೀಕ್ಷೆಗಳಲ್ಲಿ ಬಿಲಿರುಬಿನ್ ಸರಿಯಿದೆ, ಅಲ್ಬುಮಿನ್ ಸರಿಯಿದೆ, ರಕ್ತ ಹೆಪ್ಪುಗಟ್ಟುವ ಸಮಯವೂ ಸರಿಯಿದೆ. ನೇರ ವಾರ್ಡಿಗೆ ಹೋಗಿ ರೋಗಿಯ ಎರಡೂ ತೋಳು ನೋಡಿದರು. ಬಲಗೈಯಲ್ಲಿ ಸೂಜಿಯ ಗುರುತೇ ಇಲ್ಲ!

ವಿಚಾರಿಸಿದಾಗ ಹೊಸ ಸಹೋದ್ಯೋಗಿ ಒಪ್ಪಿಕೊಂಡರು. ಪಾಪ, ಇನ್ನೊಂದು ಸಲ ಯಾಕೆ ಚುಚ್ಚಬೇಕೆಂದು ಎಡಗೈಗೆ ಬಣ್ಣ ಸೇರಿಸಿದ ನಳಿಕೆಯಿಂದಲೇ ರಕ್ತ ಎಳೆದಿದ್ದರು. ನಳಿಕೆಗೆ ಅಂಟಿದ್ದ ಬಣ್ಣ ಲೆಕ್ಕ ಕೆಡಿಸಿತ್ತು. ಹಾಗಾಗಿಯೇ ಇಂದು ಮರುಪರೀಕ್ಷೆ.

"ಅವಳಿಗೆ ಬೈದೆ ಅನ್ಕೊಂಡ್ರಾ? ಇಲ್ಲಪ್ಪ. ಕನಿಕರದಿಂದ ಆದ ತಪ್ಪು ಅದು. ಆದ್ರೆ ಈ ಕೆಲಸದಲ್ಲಿ ಕನಿಕರ ಅಂದ್ರೆ ಇನ್ನೊಂದು ಸಲ ಚುಚ್ಚೋದೇ," ಎಂದು ಇದನ್ನು ಹೇಳುವಾಗ ತಂತ್ರಜ್ಞೆ ನಗುತ್ತಾರೆ.

ಇಪ್ಪತ್ತೆರಡು ವರ್ಷದ ಅನುಭವ. ದಿನಕ್ಕೆ ಎಪ್ಪತ್ತರ ಆಸುಪಾಸು ರಕ್ತದ ಮಾದರಿಗಳು, ವಾರಕ್ಕೆ ಎರಡೋ ಮೂರೋ ಹಸಿರು ಪರೀಕ್ಷೆ. ನಿಂತೂ ನಿಂತೂ ಮಂಡಿ ಸವೆದಿದೆ. ಆರರ ಪಾಳಿಗೆ ನಾಲ್ಕಕ್ಕೇ ಏಳಬೇಕು. "ಮನೇಲಿ ಅನ್ನಕ್ಕಿಟ್ಟರೂ ಟೈಮರ್ ಒತ್ತುತ್ತೀಯಲ್ಲಮ್ಮಾ ಅಂತ ಮಗಳು ಆಡ್ಕೊಳ್ತಾಳೆ."

ಏಳೂವರೆಗೆ ಯಂತ್ರ ಅಂಕಿ ತೋರಿಸುತ್ತದೆ: ಎಂಟು. ತಂತ್ರಜ್ಞೆ ಇನ್ನೊಮ್ಮೆ ಅಳೆಯುತ್ತಾರೆ. ಎಂಟೇ. ಫೋನ್ ಎತ್ತಿ ಶಸ್ತ್ರವೈದ್ಯರಿಗೆ ಹೇಳುವಾಗಲೂ ದನಿ ಏರುವುದಿಲ್ಲ. ಇಟ್ಟ ಮೇಲೆ ಮಾತ್ರ ಹೊಸ ಸಹೋದ್ಯೋಗಿಯ ಬೆನ್ನಿಗೊಂದು ಗುದ್ದು ಬೀಳುತ್ತದೆ. "ನೋಡೇ, ಎಂಟು!"

ಮರುದಿನವೇ ಗಡ್ಡೆ ಹೊರಬರುತ್ತದೆ. ಐದನೇ ದಿನದ ರಕ್ತಪರೀಕ್ಷೆಯಲ್ಲಿ ಉಳಿದ ಯಕೃತ್ತು ತನ್ನ ಕೆಲಸ ಹಿಡಿದಿರುವುದು ಖಚಿತ. ಹನ್ನೆರಡನೇ ದಿನ ಚಾಲಕರು ಹೆಂಡತಿಯ ತೋಳು ಹಿಡಿದು, ಮೆಟ್ಟಿಲಿಳಿದು ಲ್ಯಾಬಿನ ಬಾಗಿಲಿಗೇ ಬರುತ್ತಾರೆ.

"ಇನ್ನು ಕೆಲವು ತಿಂಗಳಲ್ಲಿ ಸ್ಟೇರಿಂಗ್ ಹಿಡೀತೀನಿ ಅಕ್ಕಾ. ಮೊದಲನೇ ಟ್ರಿಪ್ಪಿಗೆ ಮುಂದಿನ ಸೀಟು ನಿಮಗೇ."

"ಬರ್ತೀನಿ. ಆದ್ರೆ ಆರೂ ಕಾಲು ಅಂದ್ರೆ ಆರೂ ಕಾಲಿಗೇ ಬಸ್ ಹೊರಡ್ಬೇಕು," ಎನ್ನುತ್ತಾ ಅವರು ಸ್ಟಾಪ್‌ವಾಚನ್ನು ಕೋಟಿನ ಜೇಬಿಗೆ ಇಳಿಸುತ್ತಾರೆ. "ಹದಿನಾರನೇ ನಿಮಿಷ ನಾನು ಯಾರಿಗೂ ಕೊಟ್ಟಿಲ್ಲ."