ಅಪ್ಪನ ಆಟದ ಎತ್ತುಗಳು

ಬೈಲಹೊಂಗಲದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ನಾನು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಕಾಲ ಅದು. ಹೊಸ ಶತಮಾನ ಹುಟ್ಟಿ ಇನ್ನೂ ಬಹಳ ದಿನ ಆಗಿರಲಿಲ್ಲ. ಟೈಪಿಂಗ್ ಕಲಿಸಲಾಗುವುದು ಎಂದು ಹೊರಗೆ ಬೋರ್ಡು ಹಾಕಿದ್ದೆ. ಕಲಿಯುವವರು ಬೆಳಿಗ್ಗೆ ಬರುತ್ತಿದ್ದರು, ಆಡುವವರು ಸಂಜೆ ಬರುತ್ತಿದ್ದರು. ಕ್ಲಾಸು ಯಾರಿಂದ ಉಳಿದಿತ್ತು ಎಂದು ಕೇಳಿದರೆ ಸಂಜೆಯವರಿಂದ ಎಂದೇ ಹೇಳಬೇಕು. ಎರಡೂ ತರಹದವರು ನನ್ನನ್ನು ‘ಅಕ್ಕೋರ’ ಎಂದೇ ಕರೆಯುತ್ತಿದ್ದರು, ಸಾಲಿಯಲ್ಲಿ ಕಲಿಸುವ ಹೆಂಗಸರನ್ನು ಕರೆಯುವ ಹಾಗೆ. ಆಡುವವರು ಹಾಗೆ ಕರೆದಾಗ ನನಗೆ ಸ್ವಲ್ಪ ನಾಚಿಕೆಯಾಗುತ್ತಿತ್ತು.

ಅವರ ಆಟಕ್ಕೆ ಉದ್ದನೆಯದೊಂದು ಇಂಗ್ಲಿಷ್ ಹೆಸರಿತ್ತು. ಯಾರೂ ಅದನ್ನು ಪೂರ್ತಿ ಹೇಳುತ್ತಿರಲಿಲ್ಲ, ರಾಜ್ಯ ಕಟ್ಟುವ ಆಟ ಎಂದರೆ ಸಾಕಿತ್ತು. ಅದೊಂದು ಮಾಯದ ನಾಡು. ಅಲ್ಲಿ ಮನುಷ್ಯರದೊಂದು ಪಂಗಡ, ಕಾಡಿನವರದೊಂದು, ಸತ್ತು ಎದ್ದು ಬಂದವರದು ಇನ್ನೊಂದು. ಗಿಡ ಕಡಿದು, ಕಲ್ಲು ಎಳೆದು, ಬಂಗಾರ ಅಗೆದು ಊರು ಕಟ್ಟಬೇಕು. ಕಟ್ಟುತ್ತಿರುವಾಗಲೇ ವೈರಿ ಬಂದು ಸುಡುತ್ತಾನೆ. ಚದುರಂಗದ ಹಾಗೆ ಇದರಲ್ಲಿ ಸರದಿ ಇಲ್ಲ. ನೀವು ಯೋಚನೆ ಮಾಡುತ್ತ ಕೂತರೆ ವೈರಿ ನಿಮಗಾಗಿ ಕಾಯುತ್ತ ಕೂರುವುದಿಲ್ಲ.

ಈ ಆಟದ ಬಗ್ಗೆ ನಮ್ಮ ಖೋಲಿಯಲ್ಲಿ ತಲೆಗೊಂದು ಮಾತಿತ್ತು. ದಿನಾ ಬರುವವರಲ್ಲಿ ಒಬ್ಬ ಹತ್ತಿ ವ್ಯಾಪಾರಿಯ ಮಗ, ಕಾಲೇಜು ಮುಗಿಸಿ ಅಂಗಡಿಗೆ ಕೂರಲು ಮನಸ್ಸಿಲ್ಲದವನು. “ಕಟಗೊಂತ ಏನ ಕುಂದರ್ತೀರಿ? ಮೊದಲ ಹೋಗಿ ಬಡೀಬೇಕು. ಅವ ಮನಿ ಕಟ್ಟೂದ್ರಾಗ ಅವನ ಮನೀನ ಇರಬಾರದು” ಎಂಬುದು ಅವನ ಸಿದ್ಧಾಂತ. ಇನ್ನೊಬ್ಬ ಕಿತ್ತೂರಿನಿಂದ ಬಸ್ಸು ಹತ್ತಿ ಬರುತ್ತಿದ್ದ. ಕಿತ್ತೂರಿನವನು ಕೋಟೆ ಕಟ್ಟದೆ ಇರುತ್ತಾನೆಯೇ? “ಗ್ವಾಡಿ ಗಟ್ಟಿ ಇದ್ರ ಯಾವನೂ ಏನೂ ಮಾಡಂಗಿಲ್ಲ” ಎಂದು ಅವನು. “ನಿಮ್ಮೂರ ಕೋಟಿ ನೋಡೇವೊ ಮಾರಾಯಾ, ಗ್ವಾಡಿ ಅಷ್ಟ ಉಳದಾವ” ಎಂದು ಇವನು. ಹೀಗೆ ಶುರುವಾದರೆ ಅರ್ಧ ತಾಸು ಹೋಗುತ್ತಿತ್ತು. ಇಬ್ಬರೂ ಟೈಪಿಂಗ್ ಕಲಿತರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅದನ್ನು ಯಾರೂ ಕೇಳಲಿಲ್ಲ.

ಆ ವರ್ಷ ಜೋಳದ ರಾಶಿ ಮುಗಿದ ಮೇಲೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು. ಕೆಲವು ತಿಂಗಳಲ್ಲಿ ಕಾಲು ಎಳೆದು ಹಾಕುವಷ್ಟಕ್ಕೆ ಬಂತು, ಮಾತೂ ತಡವರಿಸುತ್ತ ಬಂತು. ಕೈ ಮಾತ್ರ ಬರಲಿಲ್ಲ. ಬೆರಳುಗಳು ಒಳಕ್ಕೆ ಮಡಚಿಕೊಂಡು ಮುಷ್ಟಿಯಾಗಿಯೇ ಇರುತ್ತಿದ್ದವು. ಬೆಳಗಾವಿಯ ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ್ದರು: “ಈ ಕೈಗೆ ದಿನಾ ಕೆಲಸಾ ಕೊಡ್ರಿ. ಅವರಿಗೆ ಮನಸ್ಸಿರೋ ಕೆಲಸಾನ ಆಗಬೇಕು. ಈಗ ಬಿಟ್ರ ಹಿಂಗ ಸೆಟದು ನಿಲ್ಲತೈತಿ, ಮುಂದ ಯಾರ ಕೈಲೂ ಆಗಂಗಿಲ್ಲ.” ಅವ್ವ ಶೇಂಗಾ ಸುಲಿಯಲು ಕೊಟ್ಟಳು. ನಾನು ರಬ್ಬರಿನ ಚೆಂಡು ತಂದುಕೊಟ್ಟು ಹಿಸುಕು ಎಂದೆ. ಅಪ್ಪ ಚೆಂಡನ್ನೂ ನನ್ನನ್ನೂ ಒಮ್ಮೆ ನೋಡಿ ಮುಖ ತಿರುಗಿಸಿದರು.

ಮನಸ್ಸು ಎಲ್ಲಿತ್ತು ಎಂದು ನಮಗೆ ಗೊತ್ತಿತ್ತು. ಅದನ್ನು ನಾವು ಆಗಲೇ ಮಾರಿದ್ದೆವು. ಅಪ್ಪನ ಜೋಡಿ ಎತ್ತುಗಳನ್ನು ಮೇಯಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅವ್ವನ ಅಣ್ಣ ಮುಂದೆ ನಿಂತು ವ್ಯವಹಾರ ಮುಗಿಸಿದ, ರಾಮದುರ್ಗದ ಕಡೆ ಸಾಲಹಳ್ಳಿಯವರೊಬ್ಬರು ಬಂದು ಜೋಡಿಯನ್ನು ಹೊಡೆದುಕೊಂಡು ಹೋದರು. ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಅವರನ್ನು ಕೇಳುವ ಹೊತ್ತು ಇದಲ್ಲ ಎಂದು ಎಲ್ಲರಿಗೂ ಅನ್ನಿಸಿತ್ತು. ಆಮೇಲೆ ಹೊಲಕ್ಕೆ ಬಾಡಿಗೆಯ ಟ್ರ್ಯಾಕ್ಟರ್ ಬಂತು. ಅದು ತನಗೆ ಬಿಡುವಾದ ದಿನ ಬರುತ್ತಿತ್ತು, ಎಷ್ಟೋ ಸಲ ಸೋಮವಾರವೇ ಬರುತ್ತಿತ್ತು. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಮೈ ತೊಳೆದು, ಮೇವು ಹಾಕಿ, ಸುಮ್ಮನೆ ನಿಲ್ಲಿಸುತ್ತಾರೆ. ಟ್ರ್ಯಾಕ್ಟರಿಗೆ ಯಾವ ವಾರ?

ಒಂದು ಸಂಜೆ ಅಪ್ಪ ಗೋಡೆ ಹಿಡಿದುಕೊಂಡು ಮುಂದಿನ ಖೋಲಿಗೆ ಬಂದು ಕಿತ್ತೂರಿನವನ ಹಿಂದೆ ಕೂತರು. ಅವನು ಕಾಡಿನವರ ಪಂಗಡ ಆಡುತ್ತಿದ್ದ. ಆ ಪಂಗಡದಲ್ಲಿ ಮೈತುಂಬ ಕೂದಲಿನ, ದೊಡ್ಡ ಕೊಂಬಿನ ಪ್ರಾಣಿಗಳಿದ್ದವು, ಕಲ್ಲಿನ ಗಾಡಿ ಎಳೆಯುತ್ತಿದ್ದವು. ಹುಡುಗರು ಅವನ್ನು ಕೋಣ ಎನ್ನುತ್ತಿದ್ದರು. ಅಪ್ಪ ಬಹಳ ಹೊತ್ತು ನೋಡಿದರು.

“ಕ್ವಾಣಲ್ಲ ತಮ್ಮಾ,” ಎಂದರು. “ಎತ್ತು. ಕೊಂಬ ನೋಡು.”

ಕಿತ್ತೂರಿನವನು ಎದ್ದು ತನ್ನ ಕುರ್ಚಿ ಕೊಟ್ಟ. ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೌಸಿನ ಮೇಲೆ ಇಟ್ಟ. “ಇದನ್ನ ಒತ್ರಿ ಕಾಕಾರ. ಈಗ ಎಲ್ಲಿ ಹೋಗಂತೀರಿ ಅಲ್ಲಿ ಒತ್ರಿ. ಹೋಗತಾವ.” ಅಪ್ಪ ಒತ್ತಿದರು. ಪ್ರಾಣಿ ಕತ್ತೆತ್ತಿ ಹೂಂ ಎಂದು ಸದ್ದು ಮಾಡಿ ನಡೆಯಿತು. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚೆಂಡು ಹಿಸುಕದ ಕೈ ಅಂದಿನಿಂದ ದಿನಾ ಮೌಸಿನ ಮೇಲೆ ಕೂರತೊಡಗಿತು. ಮಳೆಗಾಲ ಕಳೆಯುವಷ್ಟರಲ್ಲಿ ಬೆರಳುಗಳು ತಾವೇ ಬಿಚ್ಚಿಕೊಳ್ಳುತ್ತಿದ್ದವು. ಅಪ್ಪ ಚಹಾದ ಬಟ್ಟಲನ್ನು ಆ ಕೈಯಿಂದಲೇ ಎತ್ತಲು ನೋಡುತ್ತಿದ್ದರು, ಅರ್ಧ ಚೆಲ್ಲುತ್ತಿದ್ದರು, ನಾನು ನೋಡದ ಹಾಗೆ ಇರುತ್ತಿದ್ದೆ.

ಅಪ್ಪ ಆಡುತ್ತಿದ್ದದ್ದು ಒಂದೇ ಊರು. ಹುಡುಗರ ಹಾಗೆ ಗೆದ್ದು ಮುಗಿಸಿ ಹೊಸದು ತೆಗೆಯುತ್ತಿರಲಿಲ್ಲ. ದಿನಾ ಸಂಜೆ ಆಟ ಎಲ್ಲಿಗೆ ಬಂತೋ ಅಲ್ಲಿಗೆ ನಾನು ಸೇವ್ ಮಾಡಿಡಬೇಕು, ಮರುದಿನ ಅಲ್ಲಿಂದಲೇ ಮುಂದುವರಿಯಬೇಕು. ಯಾರ ಮೇಲೂ ಏರಿ ಹೋಗುತ್ತಿರಲಿಲ್ಲ. ವೈರಿ ಬಂದಾಗ ಹುಡುಗರು ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದರು, ಹೇಗೋ ಹಿಮ್ಮೆಟ್ಟಿಸುತ್ತಿದ್ದರು. ಆಟದ ಬಗ್ಗೆ ಅಪ್ಪನಿಗೂ ಅಭಿಪ್ರಾಯ ಹುಟ್ಟಿತು. “ಇದನ್ನ ಮಾಡಿದಾವ ಒಕ್ಕಲತನ ಮಾಡಿಲ್ಲ. ಕಡದ ಗಿಡಾ ಚಿಗಿಯಂಗಿಲ್ಲ. ದನಕ್ಕ ಮೇವ ಬೇಡ, ನೀರ ಬೇಡ. ಎಂದ ನೋಡಿದ್ರೂ ದುಡೀತಾವ.”

ಆದ್ದರಿಂದ ಸೋಮವಾರದ ವ್ಯವಸ್ಥೆಯನ್ನು ಅಪ್ಪನೇ ಮಾಡಿದರು. ಭಾನುವಾರ ಸಂಜೆಯೇ ಎತ್ತುಗಳನ್ನು ಗಾಡಿಯಿಂದ ಬಿಡಿಸಿ ಆಟದ ಊರಿನ ಪಕ್ಕದ ಹೊಳೆಯ ದಂಡೆಗೆ ತಂದು ನಿಲ್ಲಿಸುವುದು. ಸೋಮವಾರ ಸುಮ್ಮನೆ ತೆರೆದು, ಅವು ನಿಂತಿರುವುದನ್ನು ನೋಡಿ, ಮುಚ್ಚುವುದು. ಹತ್ತಿ ವ್ಯಾಪಾರಿಯ ಮಗ ನಕ್ಕ. “ಕಾಕಾರ, ಕಂಪ್ಯೂಟರಿಗೆ ಎಲ್ಲಿ ಸೋಮವಾರ್ರಿ?”

ಅಪ್ಪನಿಗೆ ಸಿಟ್ಟು ಬರಲಿಲ್ಲ. “ಹೊಲದಾಗ ಸೋಮವಾರ ಟ್ರ್ಯಾಕ್ಟರ್ ಓಡತೈತಿ. ನನ್ನ ಯಾರ ಕೇಳ್ಯಾರ? ಇಲ್ಲಿ ನನ್ನ ಮಾತ ನಡೀತೈತಿ, ನಡೀಲಿ ಬಿಡು.” ಆಮೇಲೆ ಅವನು ನಗಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಸಂಜೆ ಆಟದಲ್ಲಿ ದೂರದ ನಗಾರಿ ಕೇಳಿತು. ಸತ್ತವರ ದಂಡು ಹೊರಟಿತೆಂದರೆ ಆ ಸದ್ದು ಬರುತ್ತಿತ್ತು. ಹಿಂದಿನ ಸಲದ ಕಾಳಗದಲ್ಲಿ ಅಪ್ಪನ ಕೋಟೆಯ ಬಾಗಿಲು ಮುರಿದಿತ್ತು, ಅದನ್ನು ಮುಚ್ಚಲು ಎತ್ತುಗಳು ಕಲ್ಲಿನ ಗಾಡಿ ಎಳೆದುಕೊಂಡು ಬರುತ್ತಿದ್ದವು. ಅಷ್ಟರಲ್ಲಿ ಕರೆಂಟು ಹೋಯಿತು. ಯು.ಪಿ.ಎಸ್. ಕೂಗತೊಡಗಿತು. ಅದರ ಬ್ಯಾಟರಿ ಹಳೆಯದು, ಸೇವ್ ಮಾಡುವಷ್ಟೇ ಸಮಯ ಕೊಡುತ್ತಿತ್ತು. ನಾನು ಸೇವ್ ಮಾಡಿದೆ, ಪರದೆ ಕಪ್ಪಾಯಿತು.

“ಬಿಡಿಸಿಲ್ಲ,” ಎಂದರು ಅಪ್ಪ.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದರು. ಟೈಪಿಂಗಿನವರಿಗೆ ಕ್ಲಾಸು ಹೇಳಬೇಕಿತ್ತು. ಸಂಜೆಗೆ ನೋಡೋಣ ಎಂದೆ. “ನೊಗದಾಗ ನಿಂತಾವ ಯವ್ವಾ” ಎಂದರು. ಮಷೀನು ಆರಿದೆ ಅಪ್ಪಾ, ಒಳಗೆ ಯಾರೂ ನಿಂತಿಲ್ಲ ಎಂದು ತಿಳಿಸಿ ಹೇಳಿದೆ. ಅವರು ಕೇಳಿಸಿಕೊಂಡರು, ಏಳಲಿಲ್ಲ. ನಾನು ಹೇಳಿದ್ದು ಅವರಿಗೆ ತಿಳಿಯದೆ ಇರಲಿಲ್ಲ. ಅವರು ಹೇಳಿದ್ದೂ ನನಗೆ ತಿಳಿದಿತ್ತು. ಇಬ್ಬರದೂ ನಿಜವಾಗಿರುವಾಗ ಜಗಳ ಆಡುವುದು ಹೇಗೆ?

ಸಂಜೆ ಹುಡುಗರು ಬಂದರು, ವಿಷಯ ತಿಳಿದು ಗಾಬರಿಯಾದರು. “ಇವತ್ತ ತಗೀಬ್ಯಾಡ್ರಿ ಕಾಕಾರ. ತಗದ ಕೂಡ್ಲೆ ದಂಡ ಬರತೈತಿ. ನಾಳೆ ಮಂಗಳವಾರ ತಗೀರಿ, ಎತ್ತ ಹೂಡಿ ಬಾಗಲಾ ಮುಚ್ಚೋಣು” ಎಂದ ಕಿತ್ತೂರಿನವನು. ಈ ಒಂದು ವಿಷಯದಲ್ಲಿ ಅವನೂ ಹತ್ತಿ ವ್ಯಾಪಾರಿಯ ಮಗನೂ ಒಂದಾದರು.

“ಅಲ್ಲೀತನಾ ನೊಗದಾಗ ಇರಬೇಕೇನು ಅವು? ತಗೀ ಯವ್ವಾ.”

ತೆಗೆದೆ. ನಗಾರಿ ಮೊಳಗುತ್ತಲೇ ಇತ್ತು. ಎತ್ತುಗಳು ಗಾಡಿಯ ಸಮೇತ ಕೋಟೆಯ ಹೊರಗೆ, ಬಾಗಿಲಿಗೆ ಇನ್ನೇನು ಮುಟ್ಟುವಷ್ಟು ಹತ್ತಿರ ಇದ್ದವು. ಅಪ್ಪ ಒಂದೊಂದನ್ನೇ ಒತ್ತಿ ನೊಗ ಬಿಡಿಸಿದರು. ಕಲ್ಲಿನ ಗಾಡಿಗಳು ಅಲ್ಲೇ ನಿಂತವು. ಎತ್ತುಗಳು ಹೊಳೆಯ ಕಡೆ ನಡೆದವು.

“ಕಾಕಾರ, ಒಂದೀಟ ಎಳದ್ರ ಬಾಗಲಾ ಮುಚ್ಚತೈತಿ. ಬರಾಕ ಹತ್ಯಾರ ನೋಡ್ರಿ.”

“ಇವತ್ತ ಸೋಮವಾರ.”

ದಂಡು ಬಂತು. ತೆರೆದ ಬಾಗಿಲಿನಿಂದ ಒಳಗೆ ಹೋಯಿತು. ಅಪ್ಪ ಮಳೆಗಾಲವೆಲ್ಲ ಕಟ್ಟಿದ ಮನೆಗಳು ಒಂದರ ಹಿಂದೊಂದು ಹೊತ್ತಿಕೊಂಡವು. ಅದನ್ನು ಅಪ್ಪ ಸುಮ್ಮನೆ ನೋಡಿದರು. ಆಮೇಲೆ ದಂಡು ಹೊಳೆಯ ಕಡೆ ತಿರುಗಿತು. ಆಗ ಅಪ್ಪನ ಕೈ ಓಡಾಡತೊಡಗಿತು. ಎತ್ತುಗಳನ್ನು ಆಚೆ ದಂಡೆಗೆ ದಾಟಿಸಬೇಕಿತ್ತು. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಮೌಸನ್ನು ಒತ್ತಿಕೊಂಡೇ ಎಳೆಯಬೇಕು, ಆ ಬೆರಳಿಗೆ ಇನ್ನೂ ಅಷ್ಟು ಬಲ ಬಂದಿರಲಿಲ್ಲ. ಎಳೆಯುವಷ್ಟರಲ್ಲಿ ಬಿಟ್ಟುಹೋಗುತ್ತಿತ್ತು. ಮತ್ತೆ ಒತ್ತಿದರು, ಮತ್ತೆ ಬಿಟ್ಟಿತು. ನಾನು ಕೈ ಚಾಚಿದೆ. ಅಪ್ಪ ಎಡಗೈಯಿಂದ ನನ್ನ ಕೈಯನ್ನು ತಡೆದರು.

ದಿನಾ ಸಂಜೆ ಹೋಗುವ ಕರೆಂಟು ಅಂದು ಹೋಗಲಿಲ್ಲ. ಅದಕ್ಕೆ ನಾನು ಎಷ್ಟು ಸಲ ಶಾಪ ಹಾಕಿದ್ದೆನೋ, ಅಂದು ಬಲ್ಬನ್ನು ನೋಡುತ್ತ ಹೋಗು ಹೋಗು ಎಂದು ಬೇಡಿಕೊಂಡೆ. ಸ್ವಿಚ್ಚು ನನ್ನ ಮೊಣಕಾಲಿನ ಹತ್ತಿರವೇ ಇತ್ತು. ಹತ್ತಿ ವ್ಯಾಪಾರಿಯ ಮಗನೂ ಅದನ್ನೇ ನೋಡಿ, “ಬಂದ್ ಮಾಡ್ರಿ ಅಕ್ಕೋರ” ಎಂದು ಪಿಸುಗುಟ್ಟಿದ. ಅಪ್ಪನಿಗೆ ಕೇಳಿಸಿತು. “ನಾವು ಕಣ್ಣ ಮುಚ್ಚಿದ್ರ ಅವಕ್ಕ ಏನ ಉಪಯೋಗ?” ಎಂದರು. ನಾನು ಮುಟ್ಟಲಿಲ್ಲ. ಕೈಲಾಗದವನು ಮೈಯೆಲ್ಲ ಪರಚಿಕೊಂಡ ಎನ್ನುತ್ತಾರೆ, ನನಗೆ ಅಷ್ಟೂ ತೋಚಲಿಲ್ಲ. ಎತ್ತುಗಳು ನೀರಿಗೆ ಮುಖ ಮಾಡಿ ನಿಂತಲ್ಲೇ ಒಂದೊಂದಾಗಿ ಬಿದ್ದವು. ಓಡಿ ಹೋಗಿ ಎಂದು ಅವಕ್ಕೆ ಯಾರೂ ಹೇಳಿರಲಿಲ್ಲ. ಹೇಳದೆ ಅವು ಹೆಜ್ಜೆ ಕಿತ್ತಿಡುವವಲ್ಲ.

ಅವ್ವ ಚಹಾ ತಂದು, “ಯಾಕ ಎಲ್ಲಾರೂ ಹಿಂಗ ಕುಂತೀರಿ?” ಎಂದಳು.

ಮಂಗಳವಾರ ಹುಡುಗರಿಬ್ಬರೂ ಬೇಗ ಬಂದರು. ಬೇರೆ ಹೆಸರಿನಲ್ಲಿ ನಾನು ಉಳಿಸಿಟ್ಟಿದ್ದ ಶನಿವಾರದ ಆಟವನ್ನು ತೆಗೆದರು. ಇಬ್ಬರೂ ಸೇರಿ ಬಾಗಿಲು ಮುಚ್ಚಿದರು, ಗೋಡೆ ಎತ್ತರಿಸಿದರು, ದಂಡು ಬಂದಾಗ ಬಡಿದು ಓಡಿಸಿದರು. ಒಬ್ಬ ಕಟ್ಟುವವನು, ಒಬ್ಬ ಬಡಿಯುವವನು, ಇಬ್ಬರೂ ಕೂಡಿ ಆಡಿದ್ದನ್ನು ನಾನು ಮೊದಲ ಸಲ ನೋಡಿದೆ. ಎತ್ತುಗಳನ್ನು ಬಿಡಿಸಿ ಹೊಳೆಯ ದಂಡೆಗೆ ಸಾಲಾಗಿ ನಿಲ್ಲಿಸಿದರು. ಮನೆಗಳೆಲ್ಲ ಇದ್ದವು. ಆಮೇಲೆ ಒಳಗೆ ಹೋಗಿ ಅಪ್ಪನನ್ನು ತೋಳು ಹಿಡಿದು ಕರೆತಂದರು.

“ನೋಡ್ರಿ ಕಾಕಾರ. ಎಲ್ಲಾ ಇದ್ದಾಂಗ ಐತಿ. ಏನೂ ಆಗಿಲ್ಲ.”

ಅಪ್ಪ ಕೂತರು. ಬೆರಳು ಬಿಚ್ಚಿ ಮೌಸಿನ ಮೇಲೆ ಕೈ ಇಟ್ಟರು. ನನಗೆ ಜೀವ ಬಂದಂತಾಯಿತು. ಒಂದು ಎತ್ತನ್ನು ಒತ್ತಿದರು. ಅದು ಕತ್ತೆತ್ತಿ ಹೂಂ ಎಂದಿತು, ಏನು ಅಪ್ಪಣೆ ಎನ್ನುವ ಹಾಗೆ. ಅಪ್ಪ ಎಲ್ಲಿಗೂ ಕಳಿಸಲಿಲ್ಲ. ಇನ್ನೊಂದನ್ನು ಒತ್ತಿದರು. ಅದೂ ಹೂಂ ಎಂದಿತು.

“ಇವಕ್ಕ ನಿನ್ನೀದು ಗೊತ್ತಿಲ್ಲ,” ಎಂದರು.

“ಇಲ್ರಿ ಕಾಕಾರ. ಇವಕ್ಕ ಏನೂ ಆಗೇ ಇಲ್ಲ,” ಎಂದ ಕಿತ್ತೂರಿನವನು, ಸಂತೋಷದಿಂದ.

“ನನಗ ಗೊತ್ತೈತಲ್ಲ ತಮ್ಮಾ.”

ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಮತ್ತೆ ಆ ಕುರ್ಚಿಗೆ ಬರಲಿಲ್ಲ. ಹುಡುಗರು ಬಹಳ ದಿನ ಕರೆದರು, ನಾನೂ ಕರೆದೆ, ಬೈದೆ, ಅತ್ತೆ. ಡಾಕ್ಟರ ಮಾತು ನೆನಪಿಸಿದರೆ ಹೂಂ ಎನ್ನುತ್ತಿದ್ದರು. ದೀಪಾವಳಿಯ ಹೊತ್ತಿಗೆ ಬೆರಳುಗಳು ಒಳಕ್ಕೆ ಮಡಚಿಕೊಂಡವು. ಸಂಜೆ ಆಡುವವರು ಆಡುತ್ತಿರುವಾಗ ನಾನು ಒಳಗೆ ಅಪ್ಪನ ಪಕ್ಕದಲ್ಲಿ ಕೂತು ಅವನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಹಿಡಿದಿರುವಷ್ಟು ಹೊತ್ತು ಬಿಚ್ಚಿಕೊಂಡಿರುತ್ತಿದ್ದವು, ಬಿಟ್ಟ ಕೂಡಲೇ ಮುಚ್ಚಿಕೊಳ್ಳುತ್ತಿದ್ದವು.