ಭಾವ ಹೊಲಿದ ತೋಳುಗಳು

ನಮ್ಮ ಭಾವ ಸರ್ವೇಯರ್. ಹೊಲ, ಸೈಟು, ರಸ್ತೆ, ಚರಂಡಿ, ಎಲ್ಲವನ್ನೂ ಅಳೆದವರು. ಯಾರದೋ ಕಾಂಪೌಂಡು ಪಕ್ಕದವರ ಜಾಗಕ್ಕೆ ನಾಲ್ಕು ಬೆರಳು ಸರಿದಿದ್ದರೂ ನಿಂತಲ್ಲೇ ಹೇಳಿಬಿಡುತ್ತಿದ್ದರು. ಅಂಥವರಿಗೆ ಕಟ್ಟಿಕೊಂಡ ಹೆಂಡತಿಯ ಭುಜದ ಅಳತೆ ಮಾತ್ರ ಇಪ್ಪತ್ತನಾಲ್ಕು ವರ್ಷವಾದರೂ ಸಿಕ್ಕಿರಲಿಲ್ಲ. ಸಿಕ್ಕದಿದ್ದರೆ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ನನ್ನ ಅಕ್ಕನ ಸಂಸಾರದ ಕಷ್ಟವೆಲ್ಲ ಅಲ್ಲೇ ಇರುವುದು.

ಶುರುವಾದದ್ದು ಒಂದು ಪ್ಯಾಂಟಿನಿಂದ. ಮದುವೆಯಾಗಿ ಇನ್ನೂ ತಿಂಗಳಾಗಿರಲಿಲ್ಲ. ಬೀದಿ ಕೊನೆಯ ಟೈಲರ್ ಭಾವನ ಹೊಸ ಪ್ಯಾಂಟನ್ನು ಮೂರು ಸಲ ಮುಂದೂಡಿ, ಕೊನೆಗೆ ಒಂದಿಂಚು ಗಿಡ್ಡ ಮಾಡಿ ಕೊಟ್ಟ. ಭಾವ ಅಂಗಡಿಯ ಮೆಟ್ಟಿಲ ಮೇಲೇ ನಿಂತು, "ಇದೇನು ಮಹಾ ಬ್ರಹ್ಮವಿದ್ಯೆ ಅಂತ ಇಷ್ಟು ಆಡಿಸ್ತೀಯ?" ಎಂದು ಕೂಗಾಡಿದರು. ಟೈಲರ್ ಬಾಯಲ್ಲಿದ್ದ ಗುಂಡುಪಿನ್ನು ತೆಗೆಯದೆಯೇ, "ಹಾಗಾದ್ರೆ ನೀವೇ ಹೊಲ್ಕೊಳ್ಳಿ ಸಾರ್" ಎಂದ. ಅವನಿಗೇನು ಗೊತ್ತು, ಆಡಿದ ಒಂದು ಮಾತಿಗೆ ಒಂದು ಕುಟುಂಬವೇ ಬಲಿಯಾಗುತ್ತದೆ ಎಂದು. ಆ ವಾರವೇ ಭಾವ ಕರೆಂಟಿನಲ್ಲಿ ಓಡುವ ಒಂದು ಹಳೇ ಹೊಲಿಗೆ ಮಿಷನ್ ತಂದರು. ಅದಕ್ಕೆ ಜಾಗ ಬೇಕಲ್ಲ? ಅಕ್ಕ ತವರಿಂದ ತಂದ ಊಟದ ಮೇಜಿನ ಮೇಲೆ ಬಟ್ಟೆ ಹರಡಿತು. ಅಂದಿನಿಂದ ಆ ಮನೆಯಲ್ಲಿ ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಾರೆ.

ಹವ್ಯಾಸ ಇರಬಾರದು ಎಂದು ನಾನು ಹೇಳುವುದಿಲ್ಲ. ಒಬ್ಬರು ಗಿಡ ಬೆಳೆಸುತ್ತಾರೆ, ಒಬ್ಬರು ಕೊಳಲು ಕಲಿಯುತ್ತಾರೆ. ಆದರೆ ಗಿಡವನ್ನು ಯಾರೂ ತೊಡಬೇಕಾಗಿಲ್ಲ, ಕೊಳಲು ಬೇಡವೆಂದರೆ ಕಿವಿಗೆ ಹತ್ತಿ ಇದೆ. ಭಾವ ಹೊಲಿದದ್ದನ್ನು ಮಾತ್ರ ತೊಡಲೇಬೇಕು, ತೊಟ್ಟು ಅವರ ಮುಂದೆ ಒಂದು ಸುತ್ತು ತಿರುಗಲೇಬೇಕು. ನಾನು ಚಪ್ಪಲಿ ಅಂಗಡಿ ಇಟ್ಟವನು. ನನ್ನ ಕಸುಬಿನಲ್ಲಿ ಅಳತೆ ತಪ್ಪಿದರೆ ಗಿರಾಕಿ ಅದೇ ಚಪ್ಪಲಿಯನ್ನು ಎತ್ತಿ ತೋರಿಸುತ್ತಾನೆ. ಭಾವನಿಗೆ ಆ ಭಯವಿರಲಿಲ್ಲ. ಮನೆಯವರಿಗಿಂತ ಬಡಪಾಯಿ ಗಿರಾಕಿ ಎಲ್ಲಿ ಸಿಗುತ್ತಾನೆ?

ತೊಟ್ಟಿದ್ದು ಎಳೆಯುತ್ತದೆ ಎಂದು ಯಾರಾದರೂ ಹೇಳಿದರೆ ತಪ್ಪು ಬಟ್ಟೆಯದಾಗುತ್ತಿರಲಿಲ್ಲ, ಮೈಯದಾಗುತ್ತಿತ್ತು. "ನಿನ್ನ ಬಲಭುಜ ಎಡಕ್ಕಿಂತ ತಗ್ಗಿದೆ" ಎಂದು ಅಕ್ಕನಿಗೆ ಹೇಳಿದರು. "ನಿನ್ನ ಬೆನ್ನು ಮುಂದಕ್ಕೆ ವಾಲಿದೆ" ಎಂದು ನನಗೆ. ನಮ್ಮ ಅಪ್ಪನಿಗಂತೂ, "ಮಾವಾ, ನಿಮ್ಮ ಎದೆ ಸಮತಟ್ಟಾಗಿಲ್ಲ" ಎಂದರು, ಕೆರೆ ಏರಿಯ ಬಗ್ಗೆ ವರದಿ ಕೊಟ್ಟ ಹಾಗೆ. ನಾವು ನಂಬಿದೆವು. ಸರ್ಕಾರವೇ ನಂಬುವ ಮನುಷ್ಯ! ಅಕ್ಕ ಮೊದಲ ಕೆಲವು ವರ್ಷ ಬಲಗೈಯಲ್ಲಿ ನೀರಿನ ಕೊಡ ಹಿಡಿಯುವುದನ್ನೇ ಬಿಟ್ಟಿದ್ದಳು, ಭುಜ ಇನ್ನೂ ಇಳಿದೀತು ಎಂದು.

ಚಿಕ್ಕ ಮಗಳು ಹುಟ್ಟುವ ದಿನ ಅಕ್ಕನಿಗೆ ನೋವು ಶುರುವಾದದ್ದು ಮಧ್ಯಾಹ್ನ. ಭಾವ ಮಿಷನ್ನಿನ ಮುಂದಿದ್ದರು.

"ರೀ, ಆಸ್ಪತ್ರೆಗೆ ಹೋಗಬೇಕು."

"ಐದೇ ನಿಮಿಷ. ಕಾಲರ್ ತಿರುಗಿಸಿಬಿಡ್ತೀನಿ. ಮಧ್ಯದಲ್ಲಿ ಬಿಟ್ರೆ ಮೂಲೆ ಕೂರಲ್ಲ."

"ಇಲ್ಲಿ ಕೂರೋಕಾಗದೇ ಇರೋದು ನಾನು!"

ಐದು ನಿಮಿಷ ಇಪ್ಪತ್ತಾಯಿತು. ಅಕ್ಕ ಪಕ್ಕದ ಮನೆಯಾಕೆಯ ಕೈ ಹಿಡಿದು ಆಟೋ ಹತ್ತಿ ಹೋದಳು. ಭಾವ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹುಟ್ಟಿ, ಅತ್ತು, ಸುಸ್ತಾಗಿ ನಿದ್ದೆ ಹೋಗಿತ್ತು. ಇವರ ಕೈಯಲ್ಲಿ ಒಂದು ಪುಟ್ಟ ಅಂಗಿ, ಪುಟ್ಟ ಕಾಲರ್, ಪುಟ್ಟ ಜೇಬು. ಒಂದು ದಿನದ ಮಗುವಿಗೆ ಜೇಬು ಯಾತಕ್ಕೋ. ನರ್ಸ್ ಹಾಕಲು ನೋಡಿದಳು, ಕತ್ತು ದಾಟಲಿಲ್ಲ. "ಸಾರ್, ಮಗೂಗೆ ತಲೇನೂ ಇರುತ್ತೆ" ಎಂದು ಮಡಚಿ ವಾಪಸ್ ಕೊಟ್ಟಳು. ಅಕ್ಕ ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದಳು. ಅವಳು ನಗುತ್ತಿದ್ದಾಳೆಂದು ಭಾವ ತಿಳಿದರು.

ಇದಕ್ಕಿಂತ ಕೆಟ್ಟದ್ದು ದೊಡ್ಡವಳ ಶಾಲೆಯಲ್ಲಿ ನಡೆಯಿತು. ಅವಳಿಗೆ ಆಗ ಒಂಬತ್ತು. ವಾರ್ಷಿಕೋತ್ಸವಕ್ಕೆ ಹಕ್ಕಿಗಳ ನೃತ್ಯ, ಇವಳು ಮಿಂಚುಳ್ಳಿ. ಉಳಿದ ತಾಯಂದಿರು ನೀಲಿ ಕಾಗದ ಕತ್ತರಿಸಿ ಬೆನ್ನಿಗೆ ಅಂಟಿಸಿದರು. ಭಾವ ಒಂದೊಂದು ಗರಿಯನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಕತ್ತರಿಸಿ, ಅಂಚು ಮಡಿಸಿ ಹೊಲಿಯತೊಡಗಿದರು. ಇನ್ನೂರಕ್ಕೂ ಮೇಲೆ ಗರಿಗಳು. ಕಾರ್ಯಕ್ರಮ ನಾಲ್ಕು ಗಂಟೆಗೆ. "ನೀವು ಹೋಗ್ತಾ ಇರಿ, ಬಾಲ ಒಂದು ಮುಗಿಸಿ ಓಡಿ ಬರ್ತೀನಿ" ಎಂದರು.

ಓಡಿ ಬಂದರು. ಕೆಲಸದವರು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಸಮವಸ್ತ್ರದಲ್ಲೇ ಇದ್ದ ಹುಡುಗಿಯನ್ನು ಹಕ್ಕಿಗಳ ನಡುವೆ ಕುಣಿಸುವುದು ಹೇಗೆಂದು ತಿಳಿಯದೆ ಟೀಚರ್ ಅವಳನ್ನು ಮರ ಮಾಡಿದ್ದರು. ಎರಡು ತಿಂಗಳು ಅಭ್ಯಾಸ ಮಾಡಿದ ಮಗು ಹದಿನೈದು ನಿಮಿಷ ಕೈ ಅಗಲಿಸಿ ಹಿಂದೆ ನಿಂತಿತ್ತು. ಭಾವ ಖಾಲಿ ವೇದಿಕೆಯ ಕೆಳಗೆ ಉಡುಪು ಬಿಡಿಸಿ ತೋರಿಸಿದರು. ನಿಜ ಹೇಳಬೇಕು, ಅದು ಬಹಳ ಚೆನ್ನಾಗಿತ್ತು. "ಚೆನ್ನಾಗಿದೆ ಅಪ್ಪ" ಎಂದಳು ಮಗಳು. ಅಳಲಿಲ್ಲ. ಭಾವ ಮುಂದಿನ ಒಂದು ವಾರ ಮನೆಗೆ ಬಂದವರಿಗೆಲ್ಲ ಆ ಗರಿಗಳ ಹಿಂಬದಿಯ ಹೊಲಿಗೆ ತೋರಿಸಿದರು. ಮರದ ವಿಷಯ ಯಾರೂ ಎತ್ತಲಿಲ್ಲ.

ಹೀಗೆ ಮಕ್ಕಳ ಮೊದಲ ಹುಟ್ಟುಹಬ್ಬ, ದೊಡ್ಡವಳ ಕೆಲಸದ ಮೊದಲ ದಿನ, ನಮ್ಮ ಅಪ್ಪನ ನಿವೃತ್ತಿ, ಯಾವುದಕ್ಕೂ ಭಾವನ ಹೊಲಿಗೆ ತಪ್ಪಲಿಲ್ಲ, ಭಾವನೇ ತಪ್ಪುತ್ತಿದ್ದರು. ಫೋಟೋಗಳಲ್ಲಿ ನಾವೆಲ್ಲ ಅವರು ಹೊಲಿದ ಬಟ್ಟೆಯಲ್ಲಿ ಬಿಗಿಯಾಗಿ ನಿಂತಿದ್ದೇವೆ, ಅವರು ಮಾತ್ರ ಒಂದರಲ್ಲೂ ಇಲ್ಲ.

ದೊಡ್ಡವಳು ಓದಿ, ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರ್ ನೋಡುವ ಕೆಲಸಕ್ಕೆ ಸೇರಿದಳು. ಮದುವೆಯೂ ಗೊತ್ತಾಯಿತು. ಆ ಭಾನುವಾರ ನಾನು ಅಲ್ಲೇ ಇದ್ದೆ. ಭಾವ ಒಂದು ದೊಡ್ಡ ಹಾಳೆ ಬಿಡಿಸಿದರು. ಮಗಳ ಮದುವೆಯ ಗೌನಿನ ನಕ್ಷೆ, ಹತ್ತಕ್ಕೆ ಒಂದರ ಪ್ರಮಾಣದಲ್ಲಿ. ಅಭ್ಯಾಸಬಲದಿಂದ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣವನ್ನೂ ಹಾಕಿದ್ದರು.

"ಅಪ್ಪಾ, ಗೌನು ಅಂಗಡಿಗೆ ಕೊಟ್ಟಾಯ್ತು" ಎಂದಳು ಮಗಳು.

"ಯಾಕೆ? ನಾನೇನು ಸತ್ತಿದೀನಾ?"

"ಬದುಕಿದೀರಲ್ಲ, ಅದಕ್ಕೇ. ನೀವು ಹೊಲಿಯೋಕೆ ಕೂತ್ರೆ ನನ್ನ ಮದುವೆ ದಿನಾನೂ ಯಾವುದೋ ರೂಮಲ್ಲಿ ಕೊನೇ ಹುಕ್ ಹಾಕ್ತಾ ಇರ್ತೀರ. ಗೌನು ಎಲ್ಲಾದ್ರೂ ಸಿಗುತ್ತೆ ಅಪ್ಪ. ನೀವೇ ಸಿಗಲ್ಲ."

ಒಳಗೆ ಪಾತ್ರೆ ತೊಳೆಯುತ್ತಿದ್ದ ಅಕ್ಕ ನಲ್ಲಿ ನಿಲ್ಲಿಸಿದಳು. ಭಾವ ಹಾಳೆಯನ್ನು ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಎದ್ದು ಹೋದರು. ಒಂಬತ್ತು ದಿನ ಯಾರೊಂದಿಗೂ ಮಾತಿಲ್ಲ, ಮಿಷನ್ನಿನ ಸದ್ದೂ ಇಲ್ಲ. ಕರೆಂಟು ಹೋಗಿದೆಯೆಂದು ಚಿಕ್ಕವಳು ಎರಡು ಸಲ ದೀಪ ಹಾಕಿ ನೋಡಿದಳಂತೆ.

ಹತ್ತನೆಯ ದಿನ ಮಗಳು ಗೌನು ತೊಟ್ಟು ನೋಡಲು ಅಂಗಡಿಗೆ ಹೊರಟಾಗ ಭಾವ ಚಪ್ಪಲಿ ಮೆಟ್ಟಿ ನಿಂತರು. "ನಾನೂ ಬರ್ತೀನಿ. ನೋಡೋದಷ್ಟೇ." ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು: "ನೀನೂ ಹೋಗೋ ಮಾರಾಯ. ಅಲ್ಲೇ ಕೂತು ಬಿಚ್ಚೋಕೆ ಶುರು ಮಾಡಿದ್ರೆ ಕೈ ಹಿಡ್ಕೋ."

ಗೌನು ಮಗಳಿಗೆ ಎರಕ ಹೊಯ್ದ ಹಾಗೆ ಕೂತಿತ್ತು. ಅವಳು ಬಟ್ಟೆ ಬದಲಿಸಿ ಬಂದ ಮೇಲೆ ಭಾವ ಅದನ್ನು ಒಳಮಗ್ಗುಲು ಹೊರಗೆ ಮಾಡಿ ಗಾಜಿನ ಕೌಂಟರಿನ ಮೇಲೆ ಹರಡಿದರು. ಕಾಲುಗಂಟೆ ತಪ್ಪು ಹುಡುಕಿದರು. ನಾನು ಕೈ ಹಿಡಿಯಲು ಸಿದ್ಧನಾಗಿ ನಿಂತಿದ್ದೆ. ಅವರಿಗೆ ಏನೂ ಸಿಗಲಿಲ್ಲ. ಅವರ ಮುಖ ಅಷ್ಟು ಸೋತದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಇದನ್ನ ಹೊಲಿದವರು ಯಾರು?"

"ನಮ್ಮದೇ ಡಿಸೈನು ಸಾರ್" ಎಂದ ಅಂಗಡಿ ಮಾಲೀಕ, ಮೀಸೆಯಡಿ ನಗುತ್ತ.

"ಡಿಸೈನ್ ಕೇಳಲಿಲ್ಲ. ಕೈ ಯಾರದು?"

ಮಾಲೀಕ ಮಾತು ಹಾರಿಸಿದ. ಆದರೆ ಸರ್ವೇಯರಿಗೆ ಕಟ್ಟಡ ನೋಡಿದರೆ ಹಿಂದೆ ಇನ್ನೊಂದು ಕೋಣೆ ಇದೆಯೋ ಇಲ್ಲವೋ ತಿಳಿಯುತ್ತದೆ. ಭಾವ ನೇರವಾಗಿ ಪರದೆ ಸರಿಸಿ ಕಬ್ಬಿಣದ ಮೆಟ್ಟಿಲು ಹತ್ತಿದರು, ಹಿಂದೆ ನಾನು. ಮೇಲೆ ತಗಡಿನ ಸೂರು, ನಾಲ್ಕು ಮಿಷನ್ನು, ಒಂದೇ ಫ್ಯಾನು, ಮೊಣಕಾಲುದ್ದ ಚಿಂದಿ. ಕಿಟಕಿ ಬಳಿ ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಕನ್ನಡಕದ ಮುರಿದ ಕಾಲಿಗೆ ದಾರ ಸುತ್ತಿತ್ತು. ಭಾವ ಗೌನಿನ ಬಗ್ಗೆ ಬಾಯಿ ಬಿಡುವ ಮೊದಲೇ ಆಕೆ ಇವರ ಶರ್ಟನ್ನು ದಿಟ್ಟಿಸಿದರು.

"ಇದನ್ನ ಯಾರು ಹೊಲಿದಿದ್ದು ಅಣ್ಣ?"

"ನಾನೇ" ಎಂದರು ಭಾವ, ಸ್ವಲ್ಪ ಎದೆಯುಬ್ಬಿಸಿ.

"ಕೈ ಮೇಲೆತ್ತಿ ನೋಡೋಣ."

ಎತ್ತಿದರು. ಶರ್ಟು ಪೂರ್ತಿ ಕೈಯ ಜೊತೆಗೇ ಮೇಲೆದ್ದು ಹೊಕ್ಕುಳು ಕಾಣಿಸಿತು. ಉಳಿದ ಮೂರು ಮಿಷನ್ನುಗಳು ಒಟ್ಟಿಗೆ ನಿಂತವು.

"ತೋಳು ಅದಲುಬದಲಾಗಿದೆ. ಎಡದ್ದು ಬಲಕ್ಕೆ ಹಾಕಿದೀರ, ಬಲದ್ದು ಎಡಕ್ಕೆ." ಆಕೆ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದು ತೋರಿಸಿದರು. "ತೋಳಿನ ಮುಂದಿನ ಕಡೆ ಜಾಸ್ತಿ ಕೊರೆದಿರುತ್ತೆ, ಹಿಂದಿನ ಕಡೆ ಕಮ್ಮಿ. ತಿರುಗಾಮುರುಗಾ ಆದ್ರೆ ಹಿಡಿಯುತ್ತೆ. ಇದೊಂದೇನಾ ಹೀಗೆ?"

ಭಾವ ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಅವರ ಮನಸ್ಸಿನಲ್ಲಿ ಇಪ್ಪತ್ತನಾಲ್ಕು ವರ್ಷದ ಶರ್ಟು, ರವಿಕೆ, ಫ್ರಾಕುಗಳು ಸಾಲಾಗಿ ಕೈ ಎತ್ತಲಾಗದೆ ಹೋಗುತ್ತಿದ್ದಿರಬೇಕು.

"ಎಲ್ಲಾ" ಎಂದರು.

"ಮನೇಲಿ ಯಾರೂ ಹೇಳಲಿಲ್ವಾ?"

ನಾನು ಬೇರೆ ಕಡೆ ನೋಡಿದೆ.

ಭಾವ ಮನೆಗೆ ಬಂದವರೇ ಅಕ್ಕನನ್ನು ಕೂಡಿಸಿ, ಗ್ರಹವೊಂದನ್ನು ಕಂಡುಹಿಡಿದವರ ಗತ್ತಿನಲ್ಲಿ ವಿಷಯ ತಿಳಿಸಿದರು. ಅಕ್ಕ ಪೂರ್ತಿ ಕೇಳಿದಳು.

"ಕೈ ಎತ್ತೋಕಾಗಲ್ಲ ಅಂತ ನಾನು ಮೊದಲನೇ ವರ್ಷಾನೇ ಹೇಳಿದ್ದೆ."

"ನೀನು ಕೈ ಅಂದೆ. ತೋಳು ಅಂತ ಹೇಳಬೇಕಿತ್ತು."

ಅಕ್ಕ ತನ್ನ ಬಲಭುಜವನ್ನು ಎಡಗೈಯಿಂದ ಮುಟ್ಟಿ ನೋಡಿಕೊಂಡಳು. "ಅಂದ್ರೆ ನನ್ನ ಭುಜ ಸರಿಯಾಗೇ ಇದೆಯಾ?"

ಅಕ್ಕ ಎದ್ದು ಕನ್ನಡಿಯ ಮುಂದೆ ಹೋಗಿ ನಿಂತಳು. ಮರುದಿನ ಅಂಗಡಿಗೆ ಹೋಗಿ ಮದುವೆಗೆಂದು ತನಗೊಂದು ರೆಡಿಮೇಡ್ ಉಡುಪು ತಂದಳು. ಭಾವ ಅದರ ತೋಳುಗಳನ್ನು ಮುಟ್ಟಿ ನೋಡಿ, ಮತ್ತೆ ಮಡಚಿಟ್ಟರು.

ಆ ಹೊಲಿಗೆಯಾಕೆಯನ್ನು ಮದುವೆಗೆ ಕರೆಯಲು ಭಾವ ತಾವೇ ಮತ್ತೆ ಕಬ್ಬಿಣದ ಮೆಟ್ಟಿಲು ಹತ್ತಿದ್ದರು. "ಅಲ್ಲಿ ನಾನು ಬಂದು ಏನ್ ಮಾಡ್ಲಿ ಅಣ್ಣ?" ಎಂದಿದ್ದರಂತೆ ಆಕೆ. "ಕೂತ್ಕೊಳ್ಳಿ" ಎಂದಿದ್ದರಂತೆ ಇವರು. ಮದುವೆಯ ದಿನ ಆಕೆಯನ್ನು ಮೊದಲನೇ ಸಾಲಿನಲ್ಲೇ ಕೂರಿಸಿದರು. ಗಂಡಿನ ಸೋದರತ್ತೆ ಬಂದು, "ಇವರು ಯಾರು?" ಎಂದಾಗ ಭಾವ, "ನಮ್ಮ ಗುರುಗಳು" ಎಂದರು. ಸಂಗೀತದ ಟೀಚರ್ ಇರಬೇಕೆಂದುಕೊಂಡ ಆ ಅತ್ತೆ, ಒಂದು ಹಾಡು ಹೇಳಿಸಿ ಎಂದು ಮೂರು ಸಲ ಪೀಡಿಸಿದರು.

ಮಗಳು ಬಾಗಿಲಿಂದ ನಡೆದು ಬಂದಳು. ಜನ ಅವಳ ಮುಖ ನೋಡುತ್ತಿದ್ದರೆ ಹೊಲಿಗೆಯಾಕೆ ಗೌನಿನ ಅಂಚನ್ನೇ ನೋಡುತ್ತಿದ್ದರು. ನಾನು ಪಕ್ಕದಲ್ಲಿದ್ದೆ. "ಮೂವತ್ತು ವರ್ಷ ಹೊಲಿದೆ ಕಣಪ್ಪ. ಒಂದೂ ನಡೆದಾಡೋದನ್ನ ನೋಡಿರಲಿಲ್ಲ" ಎಂದರು. ಆಮೇಲೆ, "ಎಡಗಡೆ ಅರ್ಧ ಬೆರಳು ಇಳಿದಿದೆ, ಯಾರಿಗೂ ಹೇಳಬೇಡ" ಎಂದರು.

ಭಾವನ ಪಾಡು ನೋಡುವಂತಿತ್ತು. ಕೈಯಲ್ಲಿ ಸೂಜಿ ಇಲ್ಲ, ಜೇಬಲ್ಲಿ ಟೇಪಿಲ್ಲ. ಕೈ ಕಟ್ಟಿದರು, ಬಿಟ್ಟರು, ಬೆನ್ನ ಹಿಂದೆ ಇಟ್ಟುಕೊಂಡರು. ಬೇರೆಯವರ ಮಗಳ ಮದುವೆಗೆ ತಪ್ಪಿ ಬಂದವರ ಹಾಗೆ ಕಾಣುತ್ತಿದ್ದರು. ಆದರೆ ಅಲ್ಲಿದ್ದರು, ಮೊದಲಿಂದ ಕೊನೆಯವರೆಗೆ. ಮಗಳು ಎರಡು ಮೂರು ಸಲ ತಿರುಗಿ ನೋಡಿ ಖಚಿತಪಡಿಸಿಕೊಂಡಳು.

ಫೋಟೋಗೆ ನಿಲ್ಲುವ ಹೊತ್ತಿಗೆ ಬೀಗರು ಏನೋ ತಮಾಷೆಗೆ ಜೋರಾಗಿ ನಕ್ಕರು. ಅವರ ಕೋಟಿನ ನಡುವಿನ ಗುಂಡಿ ಹಾರಿ ಫೋಟೋಗ್ರಾಫರ್ ಕಾಲಬುಡಕ್ಕೆ ಬಿತ್ತು. ನಮ್ಮ ಕಡೆಯವರೆಲ್ಲ ಒಂದೇ ಸಲ ಭಾವನತ್ತ ತಿರುಗಿದರು. ಬೀಗರೂ ಗುಂಡಿ ಹಿಡಿದು, "ನೀವು ಹೊಲಿತೀರಂತಲ್ಲ, ಎರಡು ನಿಮಿಷದ ಕೆಲಸ" ಎಂದರು.

ಭಾವ ಆ ಗುಂಡಿಯನ್ನು ನೋಡಿದ ರೀತಿ, ಮದ್ಯ ಬಿಟ್ಟವನು ಸೀಸೆ ನೋಡಿದ ಹಾಗಿತ್ತು.

"ಇವತ್ತು ಆಗಲ್ಲ ಬೀಗರೇ. ನನ್ನ ಮಗಳ ಮದುವೆ ನಡೀತಾ ಇದೆ."

ಹೊಲಿಗೆಯಾಕೆ ಅಭ್ಯಾಸದಂತೆ ಎದ್ದು ಚೀಲಕ್ಕೆ ಕೈ ಹಾಕಿದರು. "ನೀವೂ ಕೂತ್ಕೊಳ್ಳಿ" ಎಂದರು ಭಾವ, ಗದರಿಸುವ ಹಾಗೆ. ಬೀಗರು ಎಲ್ಲ ಫೋಟೋಗಳಲ್ಲೂ ಕೋಟನ್ನು ಅಂಗೈಯಿಂದ ಒತ್ತಿ ಹಿಡಿದು, ಹೊಟ್ಟೆನೋವಿನವರಂತೆ ನಿಂತಿದ್ದಾರೆ. ಆ ಸಿಟ್ಟು ಅವರಿಗೆ ಇನ್ನೂ ಇಳಿದಿಲ್ಲ.

ಈಗ ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ಭಾವ ಹೊಲಿಗೆಯಾಕೆಯ ಮನೆಗೆ ಪಾಠಕ್ಕೆ ಹೋಗುತ್ತಾರೆ. ಎರಡೇ ಗಂಟೆ, ಅಕ್ಕ ಕಟ್ಟಿದ ಬೇಲಿ ಅದು. ಹೋದ ವಾರ ನಾನೂ ಜೊತೆಗಿದ್ದೆ. ಆಕೆ ಒಂದು ತೋಳನ್ನು ಐದನೇ ಸಲ ಬಿಚ್ಚಿಸಿ, "ಅಣ್ಣ, ನಿಮ್ಮ ಕೈ ಚೆನ್ನಾಗಿದೆ, ಕಿವಿ ಸರಿಯಿಲ್ಲ. ಹೇಳಿದ್ದು ಕೇಳಿಸ್ಕೊಳ್ಳಿ" ಎನ್ನುತ್ತಿದ್ದರು. ಭಾವ ತಲೆ ತಗ್ಗಿಸಿ ದಾರ ಎಳೆಯುತ್ತಿದ್ದರು. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಆ ಕಿವಿಯ ಮಾತನ್ನು ನನ್ನಿಂದ ಇನ್ನೊಂದು ಸಲ ಹೇಳಿಸಿದಳು, ಆಮೇಲೆ ಮತ್ತೊಂದು ಸಲ.